ಸಹಿ ಮನೆಯ ಮೂರು ಗೈರುಹಾಜರಿ

ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟವರು ಯಾರು ಎಂಬುದು ಕಚೇರಿಯಲ್ಲಿ ಯಾರಿಗೂ ನೆನಪಿಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ, ತನ್ನ ಮೇಜಿಗೆ ಬಂದ ಕಡತಗಳ ಅಂಚಿನಲ್ಲೆಲ್ಲ ಪೆನ್ಸಿಲಿನಿಂದ 'ಯಾಕೆ?' ಎಂದು ಗೀಚಿ ವಾಪಸು ಕಳಿಸುತ್ತಿದ್ದಳಂತೆ. ಅಂಟಿಕೊಂಡ ಹೆಸರು ಹದಿನಾರು ವರ್ಷವಾದರೂ ಬಿಟ್ಟಿಲ್ಲ. ಎದುರಿಗೆ ಮೇಡಂ, ಬೆನ್ನ ಹಿಂದೆ ಯಾಕಮ್ಮ. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಬೇಸರವಿರಲಿಲ್ಲ. ಇನ್ನೂ ಕೆಟ್ಟ ಹೆಸರುಗಳಿದ್ದವರು ಆ ಕಚೇರಿಯಲ್ಲಿ ಬೇಕಾದಷ್ಟಿದ್ದರು.

ಅವಳ ಕೆಲಸ ಗುತ್ತಿಗೆಗಳ ಪರಿಶೀಲನೆ. ಶಿಕ್ಷೆ ಪೂರ್ತಿಯಾಗುವ ಮುಂಚೆ ಜೈಲಿನಿಂದ ಹೊರಗೆ ಬಂದವರು, ಜೈಲಿಗೆ ಹೋಗುವ ಬದಲು ಊರಲ್ಲೇ ಇದ್ದು ತಿದ್ದಿಕೊಳ್ಳಲಿ ಎಂದು ನ್ಯಾಯಾಲಯ ಬಿಟ್ಟವರು, ಇಂಥವರನ್ನು ನೋಡಿಕೊಳ್ಳಲು ಆ ನಗರದಲ್ಲಿ ಆರು ಕೇಂದ್ರಗಳಿದ್ದವು. ಸರ್ಕಾರ ಅವುಗಳನ್ನು ತಾನೇ ನಡೆಸದೆ ಬೇರೆ ಬೇರೆ ಸಂಸ್ಥೆಗಳಿಗೆ ವಹಿಸಿಕೊಟ್ಟಿತ್ತು. ಬಂದವರಿಗೆ ಕೆಲಸ ಹುಡುಕಿಕೊಡುವುದು, ಕುಡಿತ ಬಿಡಿಸುವುದು, ಕೂರಿಸಿಕೊಂಡು ನಾಲ್ಕು ಮಾತಾಡುವುದು ಅವರ ಹೊಣೆ. ವಾರಕ್ಕೊಮ್ಮೆ ಬಂದು ಮುಖ ತೋರಿಸಿ ಪುಸ್ತಕದಲ್ಲಿ ಸಹಿ ಹಾಕುವುದು ಇವರ ಹೊಣೆ. ಕೇಂದ್ರಕ್ಕೆ ಕಾಗದದ ಮೇಲೆ ಒಂದು ಉದ್ದನೆಯ ಹೆಸರಿತ್ತು. ಜನ ಅದನ್ನೆಲ್ಲ ಬದಿಗಿಟ್ಟು ಸಹಿ ಮನೆ ಎನ್ನುತ್ತಿದ್ದರು.

ಮೊದಲು ಈ ಸಂಸ್ಥೆಗಳಿಗೆ ತಲೆಗಿಷ್ಟು ಎಂದು ದುಡ್ಡು ಹೋಗುತ್ತಿತ್ತು. ಬಂದವನು ಬದುಕು ಕಟ್ಟಿಕೊಂಡರೂ ಅಷ್ಟೇ, ಮೂರನೇ ದಿನ ಮತ್ತೆ ಕಳ್ಳತನಕ್ಕಿಳಿದು ಸಿಕ್ಕಿಬಿದ್ದರೂ ಅಷ್ಟೇ. ಹೋದ ವರ್ಷ ಗುತ್ತಿಗೆ ಬದಲಾಯಿತು. ಈಗ ಅರ್ಧ ಮಾತ್ರ ಖಾಯಂ, ಉಳಿದರ್ಧ ಫಲಿತಾಂಶ ನೋಡಿಕೊಂಡು. ಫಲಿತಾಂಶ ಎಂದರೆ ಮೂರೇ ಸಂಗತಿ. ವಾರದ ಭೇಟಿ ತಪ್ಪಬಾರದು, ಒಂದೇ ಕೆಲಸದಲ್ಲಿ ತೊಂಬತ್ತು ದಿನ ನಿಲ್ಲಬೇಕು, ವರ್ಷದೊಳಗೆ ಮತ್ತೆ ಪೊಲೀಸರ ಕೈಗೆ ಸಿಗಬಾರದು. ಈ ಮೂರನ್ನೂ ಕೇಂದ್ರದವರು ಬರೆದು ಕಳಿಸುತ್ತಾರೆ. ಬರೆದದ್ದು ನಿಜವೋ ಸುಳ್ಳೋ ಎಂದು ಹೋಗಿ ನೋಡಿ ಬರುವವಳು ಯಾಕಮ್ಮ.

ಆ ಮೂರು ತಿಂಗಳ ವರದಿಗಳಲ್ಲಿ ಹಳೆ ಮುದ್ರಣಾಲಯದ ಕಟ್ಟಡದಲ್ಲಿದ್ದ ಸಹಿ ಮನೆಯದನ್ನು ಅವಳು ಎರಡು ಸಲ ಓದಿದಳು. ಒಟ್ಟು ಐನೂರ ನಲವತ್ತಾರು ಭೇಟಿ. ಗೈರುಹಾಜರಿ ಮೂರು.

ಹಿಂದಿನ ವರ್ಷ ಇದೇ ಮನೆಯಲ್ಲಿ ಮೂರರಲ್ಲೊಂದು ಭೇಟಿ ತಪ್ಪುತ್ತಿತ್ತು. ಉಳಿದ ಐದು ಮನೆಗಳಲ್ಲಿ ಈಗಲೂ ಹಾಗೆಯೇ ಇತ್ತು. ಯಾಕಮ್ಮನ ಕಿವಿ ನೆಟ್ಟಗಾಯಿತು. ಮೇಲಧಿಕಾರಿಗಳಿಗೋ ಸಂಭ್ರಮ. ಮುಂದಿನ ತಿಂಗಳು ಎಲ್ಲ ಇಲಾಖೆಗಳ ದೊಡ್ಡ ಸಭೆಯಿತ್ತು, ಅಲ್ಲಿ ಇದನ್ನೇ ಮಾದರಿಯೆಂದು ತೋರಿಸುವುದೆಂದು ಅವರು ಆಗಲೇ ನಿಶ್ಚಯಿಸಿಯಾಗಿತ್ತು. ಒಂದು ಸಲ ಹೋಗಿ ಕಣ್ಣಾಡಿಸಿ ಬಂದು, ಎಲ್ಲ ಸರಿಯಿದೆ ಎಂದು ಬರೆದುಕೊಟ್ಟುಬಿಡಿ ಎಂದು ಅವಳಿಗೆ ಹೇಳಿದರು.

ಅವಳ ಗಂಡನದು ಕನ್ನಡಕದ ಅಂಗಡಿ. ಮಾರನೆಯ ದಿನ ಅಲ್ಲಿಂದ ಒಂದು ಭೂತಗನ್ನಡಿ ಎತ್ತಿಕೊಂಡು ಯಾಕಮ್ಮ ಮುಂಚಿತವಾಗಿ ಹೇಳದೆ ಸಹಿ ಮನೆಗೆ ಹೋದಳು. ಬಾಗಿಲು ಹಳೇ ಕಾಲದ್ದು, ಹಸಿರು ಬಣ್ಣದ ದಪ್ಪ ಮರ. ಒಳಗಡೆ ಸ್ಪ್ರಿಂಗ್ ಇದ್ದುದರಿಂದ ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತಿತ್ತು. ಭುಜ ಕೊಟ್ಟು ತಳ್ಳಿ ಒಳಗೆ ಕಾಲಿಟ್ಟಳು. ನೆಲದ ಕಲ್ಲುಗಳಲ್ಲಿ ಇಂಗಿದ್ದ ಮಸಿಯ ಕಲೆ ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಯಂತ್ರಗಳಿದ್ದ ಜಾಗದಲ್ಲಿ ಸಾಲಾಗಿ ಕುರ್ಚಿ, ಕಿಟಕಿಯ ಪಕ್ಕ ಒಂದು ಮೇಜು, ಮೇಜಿನ ಹಿಂದೆ ಬೂದು ಬಣ್ಣದ ಸ್ವೆಟರ್ ಹಾಕಿಕೊಂಡ ಒಬ್ಬ ಹೆಂಗಸು. ಎಲ್ಲರೂ ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಮುದ್ರಣಾಲಯವಿದ್ದಾಗ ಪುಸ್ತಕ ಹೊಲಿಯುತ್ತಿದ್ದ ಆಕೆ, ಅದು ಮುಚ್ಚಿದ ಮೇಲೂ ಕಟ್ಟಡ ಬಿಟ್ಟು ಕದಲದೆ, ಸಹಿ ಮನೆಯ ಸ್ವಾಗತದ ಮೇಜಿಗೆ ಬಂದು ಕೂತವಳು.

ಯಾಕಮ್ಮ ಸಹಿ ಪುಸ್ತಕ ಕೇಳಿದಳು. ಅಕ್ಕ ನಾಲ್ಕು ಪುಸ್ತಕ ತಂದಿಟ್ಟಳು.

ಒಂದೇ ಇರಬೇಕಾದಲ್ಲಿ ನಾಲ್ಕು. ಕಳ್ಳಲೆಕ್ಕ ಎಂದು ಯಾಕಮ್ಮನಿಗೆ ಮೊದಲು ಅನಿಸಿದ್ದು ಸಹಜ. ಭೂತಗನ್ನಡಿ ಹಿಡಿದು ಮಧ್ಯಾಹ್ನದವರೆಗೆ ಕೂತಳು. ಒಬ್ಬನೇ ಕೂತು ಎಲ್ಲರ ಸಹಿ ಗೀಚಿದ್ದರೆ ಅಕ್ಷರದ ಓಟ ಒಂದಲ್ಲ ಒಂದು ಕಡೆ ಗುಟ್ಟು ಬಿಟ್ಟುಕೊಡಬೇಕು. ಬಿಟ್ಟುಕೊಡಲಿಲ್ಲ. ಒಬ್ಬನ ಸಹಿ ವಾರದಿಂದ ವಾರಕ್ಕೆ ದುಂಡಗಾಗುತ್ತ ಹೋಗಿತ್ತು, ಬರೆಯಲು ಕಲಿಯುತ್ತಿರುವವನ ಹಾಗೆ. ಒಬ್ಬಳ ಸಹಿಯ ಪಕ್ಕದಲ್ಲಿ ಯಾವುದೋ ಮಗು ಬೆಕ್ಕಿನ ಚಿತ್ರ ಬರೆದಿತ್ತು. ಒಂದು ಪುಸ್ತಕದ ಹಾಳೆಗಳಿಗೆ ಡೀಸೆಲ್ಲಿನ ವಾಸನೆ. ಸಹಿಗಳೆಲ್ಲ ಅಪ್ಪಟ.

"ಇದು ಹೇಗಾಯ್ತು?" ಎಂದು ಅವಳು ಕೇಳಿದಳು.

ಅಕ್ಕ ಮೇಜಿನ ಖಾನೆಯಿಂದ ತಾನೇ ಹೊಲಿದ ಒಂದು ದಪ್ಪ ಪುಸ್ತಕ ತೆಗೆದಳು. ಹನ್ನೊಂದು ವರ್ಷದಿಂದ, ಭೇಟಿ ತಪ್ಪಿಸಿದವರು ಮುಂದಿನ ಸಲ ಬಂದಾಗ, ಯಾಕೆ ಬರಲಿಲ್ಲ ಎಂದು ಕೇಳಿ ಬರೆದಿಟ್ಟುಕೊಂಡು ಬಂದಿದ್ದಳು. ಯಾರೂ ಬರೆಯಲು ಹೇಳಿರಲಿಲ್ಲ. ಬರೆದದ್ದನ್ನು ಯಾರೂ ನೋಡಿಯೂ ಇರಲಿಲ್ಲ. ಕೆಲಸವಿಲ್ಲದ ಹೊತ್ತಿನಲ್ಲಿ ಸುಮ್ಮನೆ ಕೂರಲಾಗದ ಕೈ, ಅಷ್ಟೇ.

ಯಾಕಮ್ಮ ಆ ಪುಸ್ತಕವನ್ನು ಹಸಿದವರು ಊಟಕ್ಕೆ ಕೂತ ಹಾಗೆ ಓದಿದಳು. ಬ್ರೆಡ್ಡಿನ ಕಾರ್ಖಾನೆಯವನ ಪಾಳಿ ಮುಗಿಯುವುದು ಹತ್ತಕ್ಕೆ, ಸಹಿಯ ಹೊತ್ತೂ ಹತ್ತಕ್ಕೆ. ಎರಡು ಮಕ್ಕಳ ತಾಯಿಗೆ ಮಕ್ಕಳನ್ನು ಬಿಟ್ಟು ಬರಲು ಮನೆಯಿಲ್ಲ, ಕರೆದುಕೊಂಡು ಬರಲು ಇಲ್ಲಿ ಅನುಮತಿಯಿಲ್ಲ. ಒಬ್ಬನಿಗೆ ಮುಂದಿನ ಭೇಟಿಯ ದಿನ ಬರೆದುಕೊಟ್ಟ ಚೀಟಿ ಓದಲು ಬಾರದು, ಬಾರದೆಂದು ಹೇಳಿಕೊಳ್ಳಲು ನಾಚಿಕೆ. ಇನ್ನೊಬ್ಬನ ಹಳೆ ಜೊತೆಗಾರರು ಎದುರುಗಡೆಯ ಚಹಾದಂಗಡಿಯಲ್ಲಿ ಕೂತಿರುತ್ತಾರೆ, ಅವರ ಕಣ್ಣಿಗೆ ಬಿದ್ದರೆ ಮತ್ತೆ ಅದೇ ಹಾಡು. ಎಲ್ಲಕ್ಕಿಂತ ಹೆಚ್ಚು ಸಲ ಬರೆದಿದ್ದ ಕಾರಣ ಬೇರೆಯೇ: 'ಒಂದು ವಾರ ತಪ್ಪಿತು, ಬಂದರೆ ಬೈತಾರೆ ಅಂತ ಆಮೇಲೂ ಬರಲಿಲ್ಲ.'

ಹೊಸ ಗುತ್ತಿಗೆ ಬಂದಾಗ ಮನೆಯ ಮುಖ್ಯಸ್ಥರಿಗೆ ದಿಗಿಲಾಗಿತ್ತು. ಅವರು ಶಾಲೆಯಲ್ಲಿ ಮೂವತ್ತು ವರ್ಷ ವ್ಯಾಯಾಮ ಹೇಳಿಕೊಟ್ಟು ನಿವೃತ್ತರಾದವರು. ಎಲ್ಲರ ಬಾಯಲ್ಲೂ ಡ್ರಿಲ್ ಮೇಷ್ಟ್ರು. ಮೂರರಲ್ಲೊಂದು ಭೇಟಿ ತಪ್ಪಿದರೆ ಮನೆ ಮುಚ್ಚಬೇಕಾಗುತ್ತದೆಂದು ಸಿಬ್ಬಂದಿಯನ್ನು ಸೇರಿಸಿ ಅವರು ಗೋಳಾಡುತ್ತಿದ್ದಾಗ ಅಕ್ಕ ಈ ಪುಸ್ತಕ ತಂದು ಮುಂದಿಟ್ಟಳಂತೆ. ಮೇಷ್ಟ್ರು ರಾತ್ರಿಯೆಲ್ಲ ಓದಿ, ಬೆಳಗ್ಗೆ ಬಂದವರೇ ಸೀಟಿ ಊದಿದ ಹಾಗೆ ಕೆಲಸ ಶುರು ಮಾಡಿದರು. ಬೆಳಗಿನ ಪಾಳಿಯವರಿಗೆಂದು ಬಸ್ ಡಿಪೋಗೆ ಒಂದು ಪುಸ್ತಕ ಹೋಯಿತು. ಮಕ್ಕಳಿಗೆ ಮೂಲೆಯಲ್ಲಿ ಚಾಪೆ, ಬಣ್ಣದ ಕಡ್ಡಿ, ಅಲ್ಲೇ ತಾಯಂದಿರ ಸಹಿಗೆ ಇನ್ನೊಂದು ಪುಸ್ತಕ ಬಂದವು. ಚೀಟಿಯಲ್ಲಿ ಬರವಣಿಗೆಯ ಜೊತೆ ವಾರದ ದಿನಕ್ಕೊಂದು ಬಣ್ಣ ಬಂತು. ಹಿಂಬಾಗಿಲು ತೆರೆಯಿತು, ಅಲ್ಲಿಗೂ ಒಂದು ಪುಸ್ತಕ. ತಪ್ಪಿಸಿದವರ ಮನೆಗೆ ಅದೇ ದಿನ ಫೋನು, ಬೈಗುಳವಿಲ್ಲದ ಫೋನು.

ಯಾಕಮ್ಮನಿಗೆ ಖುಷಿಯಾಯಿತು. ಇಷ್ಟು ವರ್ಷದ ನೌಕರಿಯಲ್ಲಿ, ಲೆಕ್ಕ ಒಳ್ಳೆಯದಾಗಿ ಕಂಡು ಹತ್ತಿರ ಹೋದಾಗಲೂ ಒಳ್ಳೆಯದಾಗಿಯೇ ಇದ್ದದ್ದು ಅಪರೂಪ. ಸಂಜೆ ಮನೆಗೆ ಹೋಗಿ ಅತ್ತೆಗೆ ಎಲ್ಲವನ್ನೂ ಹೇಳಿದಳು. ಅತ್ತೆ ಒಂದು ಕಾಲದಲ್ಲಿ ದೂರವಾಣಿ ಕಚೇರಿಯಲ್ಲಿ ಊರಿನವರ ಮಾತೆಲ್ಲ ತಂತಿಯಿಂದ ತಂತಿಗೆ ದಾಟಿಸುತ್ತಿದ್ದವರು. ಸೊಸೆಯ ಕುತೂಹಲ ಅವರ ಕುತೂಹಲದ ಮುಂದೆ ಏನೂ ಅಲ್ಲ. ಅವರು ಬಟಾಣಿ ಬಿಡಿಸುತ್ತ ಪೂರ್ತಿ ಕೇಳಿಸಿಕೊಂಡರು.

"ಬಂದವ್ರ ವಿಷಯ ಆಯ್ತು," ಎಂದರು ಕೊನೆಗೆ. "ಇಷ್ಟೆಲ್ಲ ಮಾಡಿದ್ರೂ ಬರದೇ ಇದ್ದವ್ರು ಆ ಮೂರು ಜನ ಯಾರು? ನಾನಾಗಿದ್ರೆ ಮೊದ್ಲು ಅವ್ರನ್ನೇ ಹುಡುಕ್ತಿದ್ದೆ."

ಇದು ತನಗೇಕೆ ಹೊಳೆಯಲಿಲ್ಲವೆಂದು ಯಾಕಮ್ಮ ತನ್ನ ಮೇಲೇ ಮುನಿಸಿಕೊಂಡು ಮಲಗಿದಳು.

ಮೊದಲನೆಯ ಗೈರುಹಾಜರಿ ಒಬ್ಬ ಹೊಲಿಗೆಯವಳದು. ಆ ದಿನ ಅವಳಿಗೆ ಹೆರಿಗೆಯಾಗಿತ್ತು. ಆರು ದಿನ ಬಿಟ್ಟು ಕೂಸನ್ನು ಎತ್ತಿಕೊಂಡೇ ಬಂದು ಸಹಿ ಹಾಕಿ ಹೋಗಿದ್ದಳು. ಎರಡನೆಯದು ಕೊಳಾಯಿ ಕೆಲಸದವನದು. ಒಂಬತ್ತು ಮಹಡಿಯ ಕಟ್ಟಡವೊಂದರಲ್ಲಿ ಲಿಫ್ಟು ನಡುವೆ ನಿಂತು, ಅದರೊಳಗೆ ನಾಲ್ಕು ಗಂಟೆ ಸಿಕ್ಕಿಕೊಂಡಿದ್ದನಂತೆ. ಯಾಕಮ್ಮ ಆ ಕಟ್ಟಡಕ್ಕೆ ಹೋಗಿ ಲಿಫ್ಟ್ ರಿಪೇರಿಯವನನ್ನು ಹಿಡಿದು ಕೇಳಿದಳು. ನಿಜ. ಒಳಗಿದ್ದವನು ಸಹಿ ಸಹಿ ಎಂದು ಕೂಗುತ್ತಿದ್ದ, ಯಾವುದೋ ದಸ್ತಾವೇಜು ಇರಬೇಕೆಂದುಕೊಂಡಿದ್ದೆ ಎಂದು ರಿಪೇರಿಯವನು ನಕ್ಕ.

ಮೂರನೆಯದರ ಮುಂದೆ ಕಾರಣವಿರಲಿಲ್ಲ. 'ವರ್ಗ' ಎಂಬ ಒಂದು ಪದವಿತ್ತು. ಆ ಮನುಷ್ಯ ಒಂದು ವಾರ ಬಂದು ಸಹಿ ಹಾಕಿದ್ದ, ಎರಡನೇ ವಾರ ಬಂದಿರಲಿಲ್ಲ, ಮೂರನೇ ವಾರ ಪುಸ್ತಕದಲ್ಲೇ ಇರಲಿಲ್ಲ. ವರ್ಗವಾದರೆ ಎಲ್ಲಿಗೋ ಹೋಗಿರಬೇಕಲ್ಲ. ಯಾಕಮ್ಮ ಉಳಿದ ಐದೂ ಮನೆಗಳಿಗೆ ಫೋನು ಮಾಡಿದಳು. ಅಂಥವರು ಯಾರೂ ನಮ್ಮಲ್ಲಿಗೆ ಬಂದಿಲ್ಲ ಎಂದು ಐದೂ ಕಡೆ ಹೇಳಿದರು.

ಮನುಷ್ಯ ಗಾಳಿಯಲ್ಲಿ ಕರಗುವುದಿಲ್ಲ. ಅವಳು ನ್ಯಾಯಾಲಯದ ನೆಲಮಾಳಿಗೆಗೆ ಹೋದಳು. ಅಲ್ಲಿನ ಗುಮಾಸ್ತನಿಗೆ ಎರಡೂ ಕಿವಿ ಮಂದ, ಆದರೆ ಕಪಾಟುಗಳ ಜ್ಞಾನ ಅಪಾರ. ಹತ್ತು ನಿಮಿಷದಲ್ಲಿ ಕಾಗದ ತಂದ. ಆ ಮನುಷ್ಯನನ್ನು ಕೇಂದ್ರ 'ಸೂಕ್ತವಲ್ಲ' ಎಂದು ಹಿಂದಿರುಗಿಸಿತ್ತು. ಯಾವ ಕೇಂದ್ರದಲ್ಲೂ ಸ್ಥಳವಿಲ್ಲದವನನ್ನು ಹೊರಗೆ ಬಿಡುವಂತಿಲ್ಲ. ಮತ್ತೆ ಜೈಲು. ಅದೇ ಹಾಳೆಯಲ್ಲಿ ಅವನ ಕೆಳಗೆ, ಅದೇ ಮೂರು ತಿಂಗಳಲ್ಲಿ, ಅದೇ ಮನೆ ಹಿಂದಿರುಗಿಸಿದ ಇನ್ನೂ ಆರು ಮಂದಿ. ಆ ಆರು ಜನರನ್ನು ಮೊದಲ ಸಹಿಗಿಂತ ಮುಂಚೆಯೇ ಕಳಿಸಿದ್ದರಿಂದ ಪುಸ್ತಕದಲ್ಲಿ ಅವರ ಸುಳಿವೂ ಇರಲಿಲ್ಲ. ಒಬ್ಬನಿಗೆ ಆಗಾಗ ಬುದ್ಧಿ ಕೆಡುತ್ತಿತ್ತು. ಒಬ್ಬಳು ನಾಲ್ಕು ಸಲ ಕುಡಿತ ಬಿಟ್ಟು ಐದನೇ ಸಲ ಹಿಡಿದವಳು. ಎಲ್ಲರೂ ಕಷ್ಟದ ಗಿರಾಕಿಗಳು.

ಡ್ರಿಲ್ ಮೇಷ್ಟ್ರು ಸುಳ್ಳು ಹೇಳುವ ಜಾತಿಯವರಲ್ಲ. ಹಾಳೆ ಮುಂದಿಟ್ಟಾಗ ಮುಖ ಸಪ್ಪಗಾಯಿತು, ಆದರೆ ಕಣ್ಣು ತಪ್ಪಿಸಲಿಲ್ಲ. ಗುತ್ತಿಗೆಯಲ್ಲಿ ಎಲ್ಲರಿಗೂ ಒಂದೇ ಅಳತೆ, ಅಂಗಡಿಯಿಂದ ಎರಡು ಬಟ್ಟೆ ಕದ್ದವನಿಗೂ ಅದೇ, ಎರಡು ಸಲ ಬೆಂಕಿ ಹಚ್ಚಿದವನಿಗೂ ಅದೇ. ಇಂಥ ನಾಲ್ಕು ಜನ ಬಿದ್ದರೆ ಉಳಿದ ನಲವತ್ತು ಜನರ ಮನೆ ಮುಚ್ಚುತ್ತದೆ. ಅವರು ವಾದಿಸುವ ಹಾಗೆ ಹೇಳಲಿಲ್ಲ. ಎಷ್ಟೋ ಸಲ ತಮಗೆ ತಾವೇ ಹೇಳಿಕೊಂಡದ್ದನ್ನು ಒಪ್ಪಿಸುವ ಹಾಗೆ ಹೇಳಿದರು.

"ನನ್ನ ಕ್ಲಾಸಲ್ಲಿ ಓಡೋಕೆ ಆಗ್ದೇ ಇರೋ ಮಕ್ಳನ್ನ ನಾನು ಯಾವತ್ತೂ ಬೆಂಚ್ ಮೇಲೆ ಕೂರಿಸಿದವ್ನಲ್ಲ," ಎಂದರು ಆಮೇಲೆ, ತಮ್ಮ ಕೈಗಳನ್ನು ನೋಡಿಕೊಳ್ಳುತ್ತ. "ಈಗ ಕೂರಿಸ್ದೆ."

ಹೊರಗೆ ಬರುವಾಗ ಯಾಕಮ್ಮ ಅಕ್ಕನ ಮೇಜಿನ ಮುಂದೆ ನಿಂತಳು. ಹನ್ನೊಂದು ವರ್ಷದ ಕಾರಣಗಳನ್ನು ಬರೆದವಳಿಗೆ ಈ ಏಳು ಜನರ ವಿಷಯ ಗೊತ್ತಿರಲಿಲ್ಲವೆಂದರೆ ನಂಬುವುದು ಹೇಗೆ? ಅಕ್ಕ ಪುಸ್ತಕದ ಕೊನೆಯ ಹಾಳೆ ತೆರೆದು ತೋರಿಸಿದಳು. ಏಳೂ ಹೆಸರು ಅಲ್ಲಿದ್ದವು.

"ಮೊನ್ನೆ ಯಾಕೆ ಹೇಳ್ಲಿಲ್ಲ?"

"ಬಂದವ್ರು ಹೇಗೆ ಬಂದ್ರು ಅಂತ ಕೇಳಿದ್ರಿ. ಅದನ್ನ ಹೇಳ್ದೆ," ಎಂದಳು ಅಕ್ಕ. ಪುಸ್ತಕ ಮುಚ್ಚುತ್ತ, "ನಂಗೂ ಈ ಕೆಲಸ ಬೇಕಲ್ಲ ಮೇಡಂ," ಎಂದಳು.

ಆ ಒಂದು ವಾರ ಬಂದವನ ಹೆಸರಿನ ಮುಂದೆ ಮಾತ್ರ ಅಕ್ಕ ಪ್ರಶ್ನೆಯ ಚಿಹ್ನೆ ಹಾಕಿದ್ದಳು. ಎರಡನೇ ವಾರ ಅವನು ಯಾಕೆ ಬರಲಿಲ್ಲ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಮೊದಲ ವಾರ ಜೈಲಿನ ಸಿಬ್ಬಂದಿಯೇ ಕರೆತಂದು ಬಿಟ್ಟಿದ್ದರು, ಒಳ್ಳೆಯ ಮಾತಾಡಿ ಹೋಗಿದ್ದ. ಅವನು ಬೆಂಕಿ ಹಚ್ಚಿದ್ದು ಒಂದಲ್ಲ, ಎರಡು ಸಲ ಎಂಬ ಕಾಗದ ತಡವಾಗಿ ಕೈ ಸೇರಿದಾಗ ಮೇಷ್ಟ್ರು ಗಾಬರಿಯಾದರು. ಅಷ್ಟರಲ್ಲಿ ಒಂದು ಭೇಟಿಯೂ ತಪ್ಪಿತು. ಅದೇ ನೆಪವಾಯಿತು, ಅವನಿಗೆ ಫೋನೂ ಹೋಗಲಿಲ್ಲ.

ಯಾಕಮ್ಮನ ತಲೆಯೊಳಗೆ ಹುಳ ಹೊಕ್ಕಿತು. ಭೇಟಿಗೆ ಅನುಮತಿ ಪಡೆದು ಗುರುವಾರ ಜೈಲಿಗೆ ಹೋದಳು. ವರದಿ ಬರೆಯಲು ಈ ಭೇಟಿ ಬೇಕಿರಲಿಲ್ಲ, ಹಾಳೆಯೊಂದೇ ಸಾಕಿತ್ತು. ಬೇಕಿದ್ದದ್ದು ಅವಳಿಗೆ.

ಅಲ್ಲಿ ಅವನನ್ನು ಬೆಂಕಿಪೆಟ್ಟಿಗೆ ಎನ್ನುತ್ತಿದ್ದರು, ಅವನೆದುರಿಗೇ. ಐವತ್ತಾರು ವರ್ಷ, ಹೆಗಲು ಇಳಿಬಿದ್ದ ಎತ್ತರದ ಆಳು. ಹಿಂದೆ ರಟ್ಟಿನ ಡಬ್ಬದ ಗೋದಾಮಿನಲ್ಲಿ ಕೆಲಸಕ್ಕಿದ್ದ. ಅದಕ್ಕೇ ಬೆಂಕಿ ಇಟ್ಟು ಮೊದಲ ಸಲ ಒಳಗೆ ಹೋಗಿದ್ದ, ಬಿಡುಗಡೆಯಾಗಿ ಬಂದು ಇನ್ನೊಂದಕ್ಕೆ ಇಟ್ಟು ಎರಡನೇ ಸಲ ಹೋಗಿದ್ದ. ಎರಡು ಸಲವೂ ಯಾರಿಗೂ ಗಾಯವಾಗಿರಲಿಲ್ಲ. ಈ ಎರಡನೇ ಸಲದ್ದೇ ಹನ್ನೊಂದು ವರ್ಷವಾಗಿತ್ತು. ಮೇಜಿನ ಆಚೆ ಕೂತು, ತನ್ನನ್ನು ನೋಡಲು ಯಾರಾದರೂ ಯಾಕೆ ಬರುತ್ತಾರೆ ಎಂದು ಅರ್ಥವಾಗದವನಂತೆ ಅವಳನ್ನೇ ನೋಡಿದ.

"ಎರಡನೇ ವಾರ ನೀವು ಸಹಿ ಹಾಕೋಕೆ ಬರ್ಲಿಲ್ಲ. ಯಾಕೆ ಅಂತ ತಿಳ್ಕೋಬೇಕಾಗಿತ್ತು."

"ಬಂದಿದ್ದೆ," ಎಂದ ಅವನು.

ಯಾಕಮ್ಮ ಪೆನ್ನಿನ ಮುಚ್ಚಳ ತೆಗೆದಳು.

"ಒಂಬತ್ತೂವರೆಗೇ ಬಂದೆ. ಬಾಗಿಲು ಹಾಕಿತ್ತು. ಯಾರಾದ್ರೂ ತೆಗೀತಾರೆ ಅಂತ ನಿಂತೆ. ಹನ್ನೆರಡರವರೆಗೂ ನಿಂತಿದ್ದೆ. ಯಾರೂ ತೆಗೀಲಿಲ್ಲ. ಬೇಡ ಅಂತಿರ್ಬೇಕು ಅಂದ್ಕೊಂಡು ಹೋದೆ."

"ಬಾಗಿಲಿಗೆ ಬೀಗ ಇರ್ಲಿಲ್ಲ. ತಳ್ಳಿದ್ರೆ ತೆರ್ಕೊಳ್ತಿತ್ತು."

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ. ಹೊಸದೇನನ್ನೋ ಹೇಳಿಕೊಟ್ಟ ಹಾಗೆ ಅವನ ಹುಬ್ಬು ಮೆಲ್ಲಗೆ ಮೇಲೆ ಹೋಯಿತು. "ಹೌದಲ್ವಾ," ಎಂದ. "ಹನ್ನೊಂದು ವರ್ಷ ಆಯ್ತು ನಾನೊಂದು ಬಾಗಿಲು ತೆಗ್ದು. ಆ ವಾರ ಮಲಗ್ತಿದ್ದ ಛತ್ರದಲ್ಲೂ ಕಾವಲಿನವ್ನೇ ತೆಗೀತಿದ್ದ. ತಳ್ಬೋದು ಅನ್ನೋದೇ ಹೊಳೀಲಿಲ್ಲ."

ಇದನ್ನು ಅವನು ದೂರಾಗಿ ಹೇಳಲಿಲ್ಲ, ತಮಾಷೆಯಾಗಿಯೂ ಅಲ್ಲ. ಯಾಕಮ್ಮ ಪೆನ್ನಿನ ಮುಚ್ಚಳ ಹಾಕಿದಳು. ಆ ದಿನ ಹಿಂಬಾಗಿಲಿನಿಂದಲೇ ಎಲ್ಲರೂ ಬಂದು ಹೋಗಿರಬೇಕು. ಕಿಟಕಿಯ ಪಕ್ಕದ ಮೇಜಿನಿಂದ ಮುಂಬಾಗಿಲಿನ ಹೊರಗೆ ನಿಂತವರು ಕಾಣುವುದಿಲ್ಲ. ಅಕ್ಕ ಒಳಗೆ, ಅವನು ಹೊರಗೆ, ನಡುವೆ ಎರಡು ಬೆರಳು ದಪ್ಪದ ಮರ. ಒಂದು ಸಲ ಭುಜ ತಾಗಿಸಿದ್ದರೆ ಅವನು ಈಗ ಊರಲ್ಲಿರುತ್ತಿದ್ದ.

ಹಿಂದಿರುಗುವ ದಾರಿಯಲ್ಲಿ ಸಹಿ ಮನೆಗೆ ಹೋಗಿ ಅಕ್ಕನಿಗೆ ಇಷ್ಟನ್ನೂ ಹೇಳಿದಳು. ಅಕ್ಕ ಎದ್ದು, ಹಳೆ ಮುದ್ರಣಾಲಯದ ಒಂದು ಸೀಸದ ಗಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಬಾಗಿಲನ್ನು ಪೂರ್ತಿ ತೆರೆದು ಅದಕ್ಕೆ ಆನಿಸಿಟ್ಟಳು. ಬೀದಿಯ ಸದ್ದು, ಧೂಳು, ಬೆಳಕು ಎಲ್ಲ ಒಟ್ಟಿಗೆ ಒಳಗೆ ಬಂದವು.

ವರದಿ ಬರೆಯಲು ಯಾಕಮ್ಮನಿಗೆ ನಾಲ್ಕು ದಿನ ಹಿಡಿಯಿತು. ಬಂದವರ ಸಹಿಗಳೆಲ್ಲ ನಿಜ, ಆ ಪುಸ್ತಕದಿಂದ ಉಳಿದ ಐದೂ ಮನೆಗಳು ಕಲಿಯಬೇಕು ಎಂದು ಮೊದಲ ಭಾಗದಲ್ಲಿ ಬರೆದಳು. ಏಳು ಜನರನ್ನು ಹಿಂದಕ್ಕೆ ಕಳಿಸಿದ್ದೂ ನಿಜ ಎಂದು ಎರಡನೆಯದರಲ್ಲಿ. ಕೇಂದ್ರ ಸೇರಿಸಿಕೊಂಡವರನ್ನಲ್ಲ, ನ್ಯಾಯಾಲಯ ಕಳಿಸಿದವರನ್ನು ಎಣಿಸಬೇಕು, ಕಷ್ಟದವರನ್ನು ತೆಗೆದುಕೊಂಡವರಿಗೆ ಗುತ್ತಿಗೆಯಲ್ಲೇ ಹೆಚ್ಚಿನ ಆಸರೆ ಇರಬೇಕು, ಇಲ್ಲದಿದ್ದರೆ ಇವತ್ತು ಮೇಷ್ಟ್ರು ಮಾಡಿದ್ದನ್ನು ನಾಳೆ ಆರೂ ಮನೆಗಳು ಮಾಡುತ್ತವೆ ಎಂದು ಮೂರನೆಯದರಲ್ಲಿ.

ಮೇಲಧಿಕಾರಿಗಳು ಓದಿ ಮುಗಿಸಿ ಕನ್ನಡಕ ತೆಗೆದರು. ಸಭೆಗೆ ಒಂಬತ್ತು ದಿನವಿತ್ತು. ಆ ಏಳು ಜನರನ್ನೂ ಸೇರಿಸಿದರೆ ಶೇಕಡಾ ಎಷ್ಟಾಗುತ್ತದೆ ಎಂದು ಕೇಳಿದರು. ತೊಂಬತ್ತೊಂಬತ್ತು ಹೋಗಿ ಎಂಬತ್ತೈದರ ಆಸುಪಾಸಿಗೆ ಬರುತ್ತದೆ ಎಂದಳು.

"ಎರಡನೇ ಭಾಗ ಸಭೆ ಆದ್ಮೇಲೆ ಕೊಟ್ರೆ ಆಗಲ್ವಾ?"

"ಆಗುತ್ತೆ ಸರ್. ಆದ್ರೆ ಆ ಏಳು ಜನ ಅಲ್ಲಿವರೆಗೂ ಒಳಗೇ ಇರ್ತಾರೆ."

ಅವರು ಕೆಟ್ಟವರಲ್ಲ, ಬರೀ ಸುಸ್ತಾದವರು. ಪೆನ್ನು ಎಳೆದುಕೊಂಡು ಮೂರೂ ಭಾಗಕ್ಕೆ ಒಟ್ಟಿಗೆ ರುಜು ಹಾಕಿದರು. ಸಭೆಯಲ್ಲಿ ಬೇರೆ ಊರಿನ ಯಾವುದೋ ಕೇಂದ್ರ ಮಾದರಿಯಾಯಿತು. ಮೇಲಧಿಕಾರಿಗಳು ಎರಡು ವಾರ ಯಾಕಮ್ಮನ ಜೊತೆ ಹವಾಮಾನದ ಬಗ್ಗೆ ಮಾತ್ರ ಮಾತಾಡಿದರು.

ಗುತ್ತಿಗೆಯ ಷರತ್ತು ಬದಲಾಗಲು ಇನ್ನೂ ನಾಲ್ಕು ತಿಂಗಳು ಬೇಕಾಯಿತು. ಬದಲಾದ ವಾರವೇ ಡ್ರಿಲ್ ಮೇಷ್ಟ್ರು ಏಳರಲ್ಲಿ ಐವರನ್ನು ವಾಪಸು ಕರೆಸಿಕೊಂಡರು. ಉಳಿದಿಬ್ಬರ ಅವಧಿ ಅಷ್ಟರೊಳಗೆ ಜೈಲಿನಲ್ಲೇ ಮುಗಿದುಹೋಗಿತ್ತು, ಅವರು ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಾಗಲಿಲ್ಲ. ಇದು ಯಾಕಮ್ಮನನ್ನು ಬಹಳ ದಿನ ಕಾಡಿತು.

ಬೆಂಕಿಪೆಟ್ಟಿಗೆಗೆ ಕೆಲಸ ಹುಡುಕಿದವಳು ಅಕ್ಕ. ಎರಡು ಸಲ ಬೆಂಕಿ ಹಚ್ಚಿದವನಿಗೆ ಯಾರು ಕೆಲಸ ಕೊಡುತ್ತಾರೆ ಎಂದು ಸಹಿ ಮನೆಯವರೆಲ್ಲ ತಲೆ ಕೆರೆದುಕೊಳ್ಳುತ್ತಿದ್ದಾಗ, ಅವಳು ನೇರವಾಗಿ ಮಂಜುಗಡ್ಡೆ ಕಾರ್ಖಾನೆಗೆ ಹೋಗಿ ಮಾತಾಡಿ ಬಂದಳು. ಅಲ್ಲಿ ಅವನು ಏನನ್ನು ಸುಡಲು ಸಾಧ್ಯ ಎಂದು ಕೇಳಿ ಅಲ್ಲಿನ ಮೇಸ್ತ್ರಿಯನ್ನು ನಗಿಸಿದಳಂತೆ. ನಕ್ಕವನು ಬೇಡವೆನ್ನಲಾಗದೆ ಒಪ್ಪಿಕೊಂಡ.

ಮೂರು ತಿಂಗಳಾದ ಮೇಲೆ ಹೊಸ ವರದಿ ಬಂತು. ಭೇಟಿಯಲ್ಲಿ ಶೇಕಡಾ ಎಂಬತ್ತೆಂಟು. ಐದು ಜನರಲ್ಲಿ ಕುಡಿತದವಳು ಮತ್ತೆ ಜಾರಿ, ಮತ್ತೆ ಎದ್ದಿದ್ದಳು. ಒಬ್ಬ ಸಿಕ್ಕಿಬಿದ್ದಿದ್ದ. ಬೆಂಕಿಪೆಟ್ಟಿಗೆಯ ಹೆಸರಿನ ಮುಂದೆ, ಭೇಟಿ ಒಂದೂ ತಪ್ಪಿರಲಿಲ್ಲ, ಆದರೆ ಕೆಲಸದ ಕಾಲಂನಲ್ಲಿ 'ವಿಫಲ' ಎಂದಿತ್ತು. ತೊಂಬತ್ತು ದಿನ ನಿಲ್ಲಬೇಕಾದವನು ಎಪ್ಪತ್ತೊಂದನೇ ದಿನ ಬಿಟ್ಟು ಹೋಗಿದ್ದ.

ಪರಿಶೀಲನೆ ಎಂಬ ನೆವದಲ್ಲಿ ಯಾಕಮ್ಮ ಮಂಜುಗಡ್ಡೆ ಕಾರ್ಖಾನೆಗೆ ಹೋದಳು. ಜಗಳವೇನೂ ಆಗಿರಲಿಲ್ಲ. ಅವನ ಅಕ್ಕ, ಒಡಹುಟ್ಟಿದವಳು, ಎರಡು ಗಂಟೆ ದಾರಿಯ ಸಣ್ಣ ಪಟ್ಟಣದಲ್ಲಿ ಸಸಿಗಳನ್ನು ಬೆಳೆಸಿ ಮಾರುತ್ತಿದ್ದವಳು, ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಸಹಿ ಮನೆಗೂ ನ್ಯಾಯಾಲಯಕ್ಕೂ ತಿಳಿಸಿ, ಒಪ್ಪಿಗೆ ಪಡೆದೇ ಹೊರಟಿದ್ದ. ಈಗ ಪ್ರತಿ ಸೋಮವಾರ ಬಸ್ಸಿನಲ್ಲಿ ಬಂದು ಸಹಿ ಹಾಕಿ ಹೋಗುತ್ತಾನೆ. ಒಳ್ಳೆಯ ಆಳು, ಮತ್ತೆ ಬಂದರೆ ತೆಗೆದುಕೊಳ್ಳುತ್ತೇನೆ ಎಂದ ಮೇಸ್ತ್ರಿ.

ಯಾಕಮ್ಮ ಅಲ್ಲಿಂದಲೇ ಬಸ್ ಹತ್ತಿದಳು. ಪಟ್ಟಣದ ಅಂಚಿನಲ್ಲಿ ತಂತಿ ಬೇಲಿಯ ಹಿಂದೆ ನೂರಾರು ಕಪ್ಪು ಚೀಲಗಳಲ್ಲಿ ಸಸಿಗಳು, ನಡುವೆ ಎರಡು ಕೋಣೆಯ ಮನೆ. ಒಳಗೆ ಮಂಚದ ಮೇಲೆ ಕೂತಿದ್ದ ಅವನ ಅಕ್ಕ ಗಟ್ಟಿಗಿತ್ತಿ. ಅತಿಥಿಯನ್ನು ಕೂರಿಸಿಕೊಂಡು, ತಮ್ಮ ಔಷಧಿ ತರಲು ಹೋಗಿದ್ದಾನೆಂದೂ, ಅವನು ನೀರು ಹೆಚ್ಚು ಹಾಕಿ ಅರ್ಧ ಸಸಿಗಳನ್ನು ಕೊಳೆಸಿದ್ದಾನೆಂದೂ, ಆದರೂ ಕಲಿಯುತ್ತಿದ್ದಾನೆಂದೂ ಹೇಳಿದಳು. ಆಮೇಲೆ ದನಿ ತಗ್ಗಿಸಿ, ಬೆಂಕಿ ಯಾಕೆ ಹಚ್ಚಿದ ಅಂತ ನಿಮಗಾದರೂ ಹೇಳಿದ್ದಾನೆಯೇ ಎಂದು ಕೇಳಿದಳು. ತಾನು ಕೇಳಿಲ್ಲ ಎಂದಳು ಯಾಕಮ್ಮ. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಕೇಳುವ ಹಕ್ಕು ತನ್ನದಲ್ಲ ಎಂದು ಅನಿಸಿದ್ದು ಬಹುಶಃ ಅದೇ ಮೊದಲು.

ಅವನು ಬಂದ. ಔಷಧಿಯ ಪೊಟ್ಟಣ ಅಕ್ಕನ ಕೈಗಿಟ್ಟು, ಇವಳನ್ನು ನೋಡಿ, ಇವತ್ತು ಸೋಮವಾರ ಅಲ್ಲವಲ್ಲ ಎಂದು ಗಾಬರಿಯಾದ. ಸಹಿಗಲ್ಲ, ಸುಮ್ಮನೆ ಬಂದೆ ಎಂದಳು. ಕೆಲಸದ ಕಾಲಂನಲ್ಲಿ ವಿಫಲ ಎಂದು ಬಂದಿದೆ, ಅದರ ಕೆಳಗೆ ನಡೆದದ್ದನ್ನು ಬರೆಯುತ್ತೇನೆ, ಕಾಲಂ ಬದಲಾಗುತ್ತದೋ ಇಲ್ಲವೋ ಹೇಳಲಾರೆ ಎಂದು ಇದ್ದದ್ದನ್ನು ಇದ್ದ ಹಾಗೆ ತಿಳಿಸಿದಳು. ಅವನು ತಲೆಯಾಡಿಸಿದ. ಅವನಿಗೆ ಅದು ದೊಡ್ಡ ವಿಷಯವಾಗಿ ಕಾಣಲಿಲ್ಲ.

ಸಂಜೆ ಬಸ್ ನಿಲ್ದಾಣದವರೆಗೆ ಜೊತೆಗೆ ಬಂದ. ಮಂಜುಗಡ್ಡೆಯ ಕೆಲಸ ಹೇಗಿತ್ತು ಎಂದು ದಾರಿಯಲ್ಲಿ ಅವಳು ಕೇಳಿದ್ದೇ ತಡ, ಅಲ್ಲಿಯವರೆಗೆ ಮಾತಿಗೆ ಮಾತು ಕೂಡಿಸದಿದ್ದವನು ನಿಂತುಬಿಟ್ಟ.

"ಗಡ್ಡೆ ನಡುವೆ ಯಾಕೆ ಬೆಳ್ಳಗಿರುತ್ತೆ ಗೊತ್ತಾ ನಿಮ್ಗೆ?"

ಅವಳಿಗೆ ಗೊತ್ತಿರಲಿಲ್ಲ. ಅವನು ಎರಡೂ ಕೈಗಳನ್ನು ಗಾಳಿಯಲ್ಲಿ ಡಬ್ಬದ ಹಾಗೆ ಹಿಡಿದು ತೋರಿಸಿದ. ನೀರು ಹೊರಗಿನಿಂದ ಒಳಕ್ಕೆ ಹೆಪ್ಪುಗಟ್ಟುತ್ತ ಬರುತ್ತದೆ. ನೀರಿನಲ್ಲಿರುವ ಗಾಳಿ, ಕಸ, ಉಪ್ಪು ಎಲ್ಲ ಜಾಗ ಸಾಲದೆ ಒಳಕ್ಕೆ ಒಳಕ್ಕೆ ಸರಿದು ಕೊನೆಗೆ ನಡುವೆ ಬಂದು ಕೂರುತ್ತವೆ. ಪೂರ್ತಿ ಕಟ್ಟುವ ಮುಂಚೆ, ಸರಿಯಾದ ಹೊತ್ತು ನೋಡಿ, ಆ ನಡುವಿನ ನೀರನ್ನು ಕೊಳವೆಯಲ್ಲಿ ಹೀರಿ ತೆಗೆದು ಹೊಸ ನೀರು ಹುಯ್ಯಬೇಕು. ಬೇಗ ಹೋದರೆ ಎಲ್ಲ ನೀರೂ ಬಂದುಬಿಡುತ್ತದೆ, ತಡವಾದರೆ ಕೊಳವೆ ಇಳಿಯುವುದಿಲ್ಲ.

"ಆ ಹೊತ್ತು ಹೇಗೆ ಗೊತ್ತಾಗುತ್ತೆ?" ಎಂದಳು ಯಾಕಮ್ಮ.

"ಸದ್ದಲ್ಲಿ. ಬೆರಳಲ್ಲಿ ತಟ್ಟಿ ನೋಡ್ಬೇಕು."

ಎಂಥ ಸದ್ದು ಎಂದು ಅವಳು ಕೇಳಿದಳು. ಅವನು ಸುತ್ತ ನೋಡಿ, ನಿಲ್ದಾಣದ ಕಬ್ಬಿಣದ ಕಂಬವನ್ನು ಬೆರಳಿನ ಗೆಣ್ಣಿನಿಂದ ತಟ್ಟಿದ, ಇದಲ್ಲ ಎಂದ. ಬೆಂಚಿನ ಹಲಗೆ ತಟ್ಟಿದ, ಇದೂ ಅಲ್ಲ ಎಂದ. ಅಷ್ಟರಲ್ಲಿ ಬಸ್ ಬಂತು, ಒಂದು ನಿಮಿಷ ನಿಂತು ಹೊರಟೂ ಹೋಯಿತು. ಮುಂದಿನ ಬಸ್ ಮುಕ್ಕಾಲು ಗಂಟೆಯ ಮೇಲೆ ಇತ್ತು. ಅವನು ಕುಡಿಯುವ ನೀರಿನ ತೊಟ್ಟಿಯ ಪಕ್ಕ ಮಂಡಿಯೂರಿ ಕೂತು, ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ತಟ್ಟಿ, ಕಿವಿಗೊಟ್ಟು, ಇದಕ್ಕೆ ಹತ್ತಿರ ಎಂದು ಅವಳನ್ನು ಕರೆದ. ಯಾಕಮ್ಮ ಕೈಚೀಲವನ್ನು ಬೆಂಚಿನ ಮೇಲಿಟ್ಟು, ತೊಟ್ಟಿಯ ಇನ್ನೊಂದು ಬದಿಗೆ ಬಗ್ಗಿ ಕಿವಿ ಹಚ್ಚಿದಳು.